ಎಂಜಿನ್ ನಿಂತರೂ ಕೈ ಹಾಕಬೇಡಿ

ಮನೆ ಮುಂದಿನ ಹಿಮವನ್ನು ಬ್ಲೇಡಿನಿಂದ ಒಳಗೆಳೆದು ದೂರಕ್ಕೆ ಎಸೆಯುವ ಪೆಟ್ರೋಲ್ ಸ್ನೋ ಬ್ಲೋವರ್ ಮೆಷಿನ್ ಬಗ್ಗೆ ನಿಮ್ಮ ಲೇಖನದಲ್ಲಿ ವಿವರವಾಗಿ ಬರೆದಿದ್ದೀರಿ, ಖುಷಿಯಾಯಿತು. ಆದರೆ ಮೆಷಿನ್ ಒಳಗೆ ಹಿಮ ಕಟ್ಟಿಕೊಂಡರೆ ಎಂಜಿನ್ ಆಫ್ ಮಾಡಿ ತೆಗೆಯಿರಿ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಲ್ಲ, ಅದು ಸಾಲದು. ಜನ ಬೆರಳು ಕಳೆದುಕೊಳ್ಳುವುದು ಇಲ್ಲೇ. ಒದ್ದೆ ಹಿಮ ಸಿಕ್ಕಿಕೊಂಡು ಬ್ಲೇಡು ನಿಂತಾಗ ಬೆಲ್ಟಿನಲ್ಲಿ ಬಿಗಿತ ಉಳಿದಿರಬಹುದು, ಎಂಜಿನ್ ಆಫ್ ಆಗಿದ್ದರೂ ಅಡ್ಡ ಇದ್ದ ಹಿಮ ಸರಿದ ಕೂಡಲೇ ಬ್ಲೇಡು ತಟ್ಟನೆ ತಿರುಗಿಬಿಡುತ್ತದೆ. ಗ್ಲೌಸ್ ಹಾಕಿದ್ದರೂ ಉಪಯೋಗವಿಲ್ಲ. ಎಂಜಿನ್ ನಿಲ್ಲಿಸಿ, ಕೀ ತೆಗೆದು, ಎಲ್ಲವೂ ನಿಂತಿದೆ ಅಂತ ಕಣ್ಣಾರೆ ನೋಡಿ, ಆಮೇಲೆ ಮೆಷಿನ್ ಜೊತೆ ಕೊಟ್ಟಿರುವ ಪ್ಲಾಸ್ಟಿಕ್ ಕೋಲಿನಿಂದಲೇ ತೆಗೆಯಬೇಕು. ಅದು ಕಳೆದುಹೋಗಿದ್ದರೆ ಯಾವುದಾದರೂ ಗಟ್ಟಿ ಕೋಲು. ಕೈ ಮಾತ್ರ ಬೇಡವೇ ಬೇಡ.

ಇನ್ನೊಂದು ಮಾತು. ಅಮೆರಿಕದ ಮಿನ್ನೆಸೋಟಾ, ಮಿಶಿಗನ್ ಕಡೆ ಹೊಸದಾಗಿ ಮನೆ ತಗೊಂಡಿರುವ ನಮ್ಮವರಿಗೆ ಇದನ್ನು ಹೇಳಲೇಬೇಕು. ಹೊರಗೆ ಚಳಿ ಜಾಸ್ತಿ ಅಂತ ಗ್ಯಾರೇಜ್ ಒಳಗೇ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಡಬೇಡಿ, ಬಾಗಿಲು ಪೂರ್ತಿ ತೆರೆದಿದ್ದರೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೆ ನುಗ್ಗಬಹುದು, ಅದಕ್ಕೆ ವಾಸನೆಯೂ ಇಲ್ಲ. ಪೆಟ್ರೋಲ್ ಹಾಕುವುದೂ ಹೊರಗೇ, ಎಂಜಿನ್ ತಣ್ಣಗಾದ ಮೇಲೆ.

ಬ್ಲೇಡನ್ನು ಅದರ ದಂಡಕ್ಕೆ ಹಿಡಿದಿಡುವ ಶಿಯರ್ ಪಿನ್ ಮುರಿದರೆ ಸುಮ್ನೆ ಕೈಗೆ ಸಿಕ್ಕಿದ ಬೋಲ್ಟ್ ಹಾಕಬೇಡಿ. ಬ್ಲೇಡು ಎಲ್ಲಾದರೂ ಸಿಕ್ಕಿಕೊಂಡಾಗ ಮುರಿಯಲಿಕ್ಕೆಂದೇ ಆ ಪಿನ್ ಇರುವುದು, ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಗೇರ್‌ಬಾಕ್ಸೇ ಹೋಗಬಹುದು. ಮನೆ ಮುಂದೆ ಜಲ್ಲಿ ದಾರಿ ಇರುವವರು ಎರಡೂ ಬದಿಯ ಸ್ಕಿಡ್ ಶೂ (ನೆಲದ ಮೇಲೆ ಜಾರುವ ಪಟ್ಟಿ) ಸರಿಹೊಂದಿಸಿ ಬ್ಲೇಡಿನ ಬಾಯಿಯನ್ನು ನೆಲದಿಂದ ಸ್ವಲ್ಪ ಎತ್ತರಿಸಿಕೊಳ್ಳಿ, ಇಲ್ಲದಿದ್ದರೆ ಹಿಮದ ಜೊತೆ ಕಲ್ಲೂ ಹಾರುತ್ತದೆ. ಮಕ್ಕಳು ಅಂಗಳದಲ್ಲಿದ್ದರೆ ಮೆಷಿನ್ ಸ್ಟಾರ್ಟ್ ಮಾಡಲೇಬೇಡಿ.