ತಿಳಿಯಾದ ನೀರೆಲ್ಲ ಶುದ್ಧ ನೀರಲ್ಲ

ತೊಟ್ಟಿಯ ನೀರು ತಿಳಿಯಾಗಿದ್ದರೆ ಆಕ್ಸಲಾಟಲ್ ಎಂಬ, ನೀರಿನಲ್ಲೇ ಬಾಳುವ ಸಲಮಾಂಡರ್‌ಗೆ ತೊಂದರೆಯಿಲ್ಲ ಎಂಬ ಸಂದೇಶ ಮತ್ತೆ ಮತ್ತೆ ಹರಿದಾಡುತ್ತಿದೆ. ಕಾಳಜಿಯಿಂದಲೇ ಹಂಚಿಕೊಳ್ಳುವ ಮಾತಾದರೂ ಅದು ತಪ್ಪು. ಮಲ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾ ವಿಷ, ಆದರೆ ಅದಕ್ಕೆ ಬಣ್ಣವಿಲ್ಲ. ಅದನ್ನು ವಿಷವೇ ಆದ ನೈಟ್ರೈಟ್ ಆಗಿ, ಮುಂದೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ವಾರಗಳೇ ಬೇಕು.

ಬಿಸಿಯೂ ಕಣ್ಣಿಗೆ ಕಾಣದು. ಮೆಕ್ಸಿಕೋದ ತಂಪು ಸರೋವರದ ಈ ಜೀವಿಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಹಿತ. ಕಾರವಾರದ ಬೇಸಿಗೆಯಲ್ಲಿ, ತಂಪುಗೊಳಿಸುವ ವ್ಯವಸ್ಥೆಯಿಲ್ಲದ ತೊಟ್ಟಿ ಅಷ್ಟು ತಣ್ಣಗಿರುವುದಿಲ್ಲ.

ಕಿವಿರುಗಳು ಮುಂದಕ್ಕೆ ಬಾಗಿದ್ದರೆ ಅಥವಾ ಬಾಲದ ತುದಿ ಸುರುಳಿಯಾಗಿದ್ದರೆ, ಮೊದಲು ಥರ್ಮಾಮೀಟರ್ ನೋಡಿ. ಬಳಿಕ ಎರಡು ಗಾಜಿನ ನಳಿಕೆಗಳಲ್ಲಿ ತೊಟ್ಟಿಯ ನೀರನ್ನೂ ಬಾವಿಯ ನೀರನ್ನೂ ತುಂಬಿ, ಪರೀಕ್ಷಾ ಕಿಟ್‌ನ ಹನಿಗಳನ್ನು ಹಾಕಿ: ಒಂದೇ ತೆರನಾಗಿ ಕಂಡ ನೀರಿನಲ್ಲಿ ಅಮೋನಿಯಾ ಇದ್ದ ಕಡೆ ಹಳದಿ ಬಣ್ಣ ಹಸಿರಿಗೆ ತಿರುಗುತ್ತದೆ. ತೊಟ್ಟಿಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಿರಬೇಕು.