ಫಲಕ ಹಾಕಿಸಿದರೆ ಮನೆ ಸರ್ಕಾರದ್ದಾಗುತ್ತಾ?

"ಐನ್‌ಮನೆಗೆ ಹಿರಿಯರ ಹೆಸರಿನ ಫಲಕ ಹಾಕಿಸಬೇಡಿ. ಹಾಕಿಸಿದರೆ ಮನೆ ಸರ್ಕಾರದ ಪಾಲು, ಒಂದು ಹೆಂಚು ಬದಲಿಸಲೂ ಬಿಡುವುದಿಲ್ಲ. ತಿಮ್ಮಯ್ಯನವರ ಮನೆ ಏನಾಯ್ತು ನೋಡಿ!" ಕೊಡಗಿನ ಐನ್‌ಮನೆಗಳ, ಅಂದರೆ ಕುಟುಂಬದ ಮೂಲ ಮನೆಗಳ ಬಗ್ಗೆ ಹೀಗೊಂದು ವಾಟ್ಸಾಪ್ ಸಂದೇಶ. ಓದಿದರೆ ಯಾರಿಗಾದರೂ ಗಾಬರಿಯೇ, ಅಲ್ವಾ? ಆದರೆ ಇದು ನಿಜವಲ್ಲ.

ಮೊದಲು ಮಡಿಕೇರಿಯ ಸನ್ನಿ ಸೈಡ್ ವಿಷಯ. ಭಾರತದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ಅದು. 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಅದಕ್ಕೂ ಮುಂಚೆ ಅಲ್ಲಿ ಆರ್‌ಟಿಒ ಕಚೇರಿ ಇತ್ತು. ಲೈಸೆನ್ಸಿಗೆ ಅಲ್ಲಿ ಸಾಲು ನಿಂತವರಿಗೆ ನೆನಪಿರಬಹುದು! ಅಂದರೆ ಆಗಲೇ ಅದು ಸರ್ಕಾರದ ಕೈಯಲ್ಲಿತ್ತು. ಫಲಕದಿಂದ ಹೋದದ್ದಲ್ಲ.

ಫಲಕ ಬರೀ ನೆನಪಿನ ಗುರುತು. ಈ ಪದ್ಧತಿಗೆ ಹೆಸರಾದ ಲಂಡನ್ನಿನಲ್ಲೂ ಅಷ್ಟೇ. ಅಲ್ಲಿ ಮಾಲೀಕರು ಒಪ್ಪದೆ ನೀಲಿ ಫಲಕ ಹಾಕುವುದಿಲ್ಲ, ಹಾಕಿದ ಮಾತ್ರಕ್ಕೆ ಕಟ್ಟಡಕ್ಕೆ ಕಾನೂನಿನ ರಕ್ಷಣೆಯೂ ಸಿಗುವುದಿಲ್ಲ. 1867ರಲ್ಲಿ ಮೊದಲ ಫಲಕ ಹಾಕಿದ್ದು ಕವಿ ಬೈರನ್ ಹುಟ್ಟಿದ ಮನೆಗೆ. 1889ರಲ್ಲಿ ಆ ಮನೆಯನ್ನೇ ಕೆಡವಿದರು! ಫಲಕ ಏನೂ ತಡೆಯಲಿಲ್ಲ.

ನಮ್ಮಲ್ಲಿ ಕಟ್ಟಡ ಸಂರಕ್ಷಿತ ಸ್ಮಾರಕ ಆಗಬೇಕಾದರೆ ಬೇರೆಯೇ ದಾರಿ ಇದೆ. ಕೇಂದ್ರದ 1958ರ ಕಾಯ್ದೆ ಪ್ರಕಾರ ಮೊದಲು ಗೆಜೆಟ್‌ನಲ್ಲಿ ಪ್ರಕಟಣೆ ಬರಬೇಕು, ಕಟ್ಟಡದ ಹತ್ತಿರವೂ ಅದನ್ನು ಅಂಟಿಸಬೇಕು. ಆಕ್ಷೇಪ ಹೇಳಲು ಎರಡು ತಿಂಗಳು ಸಮಯ ಇರುತ್ತದೆ. ಗೋಡೆಗೆ ನೀವೇ ಕೂರಿಸಿದ ಗ್ರಾನೈಟ್ ಕಲ್ಲಿಗೂ ಇದಕ್ಕೂ ಸಂಬಂಧವೇ ಇಲ್ಲ.