ಒಂದು ಅಂಕೆ, ನೂರು ಟನ್

ವಿಮಾನ ಹತ್ತುವಾಗ ಕಾಕ್‌ಪಿಟ್ ಬಾಗಿಲು ತೆರೆದಿದ್ದರೆ ಒಮ್ಮೆ ಎಡಕ್ಕೆ ನೋಡಿ. ಇಬ್ಬರು ಪೈಲಟ್‌ಗಳ ಕಿಟಕಿಯ ಹತ್ತಿರ ಒಂದೊಂದು ಟ್ಯಾಬ್ಲೆಟ್ ಸಿಕ್ಕಿಸಿರುವುದು ಕಾಣಬಹುದು. ಚಾರ್ಟು ಅಂದರೆ ಹಾರುವ ದಾರಿಯ, ವಿಮಾನ ನಿಲ್ದಾಣದ ನಕ್ಷೆ, ಮ್ಯಾನ್ಯುಯಲ್ಲು, ಹವಾಮಾನ, ಟೇಕ್‌ಆಫ್ ಲೆಕ್ಕ ಎಲ್ಲ ಅದರಲ್ಲೇ. ಎಲೆಕ್ಟ್ರಾನಿಕ್ ಫ್ಲೈಟ್ ಬ್ಯಾಗ್, ಚಿಕ್ಕದಾಗಿ ಇಎಫ್‌ಬಿ ಅನ್ನುತ್ತಾರೆ.

ಇದು ಬಂದಿದ್ದು ಒಳ್ಳೇದೇ ಆಯಿತು. ಹಳೇ ಚಾರ್ಟ್ ಬ್ಯಾಗ್ ನೋಡಿದವರು ಯಾರೂ ಆ ಕಾಲ ವಾಪಸ್ ಬರಲಿ ಅನ್ನುವುದಿಲ್ಲ. ಅಮೆರಿಕನ್ ಏರ್‌ಲೈನ್ಸ್ 2013ರಲ್ಲಿ ಪೂರ್ತಿ ಐಪ್ಯಾಡ್‌ಗೆ ಬದಲಾಯಿತು. ಅದಕ್ಕೆ ಮೊದಲು ಅಲ್ಲಿನ ಪೈಲಟ್ ಹೊರುತ್ತಿದ್ದ ಬ್ಯಾಗು ಸುಮಾರು 16 ಕೆಜಿ. ಭಾರದ ಮಾತು ಹಾಗಿರಲಿ, ಚಾರ್ಟ್‌ಗಳು 28 ದಿನಗಳ ಸರದಿಯಲ್ಲಿ ಬದಲಾಗುತ್ತವೆ. ಹೊಸ ಹಾಳೆಗಳ ಕಟ್ಟು ಬಂದಾಗೆಲ್ಲ ರಿಂಗ್ ಫೈಲ್ ಬಿಚ್ಚಬೇಕು, ಹಳೇದನ್ನು ತೆಗೆಯಬೇಕು, ಹೊಸದನ್ನು ಅದರ ಜಾಗದಲ್ಲೇ ಸೇರಿಸಬೇಕು. ಕಣ್ತಪ್ಪಿ ಒಂದು ಹಾಳೆ ಉಳಿದುಬಿಟ್ಟರೆ, ರಾತ್ರಿ ಮಳೆಯಲ್ಲಿ ಇಳಿಯುವಾಗ ಕೈಗೆ ಸಿಗುವುದು ಹಳೇ ಚಾರ್ಟು. ಈಗ ಆ ಕಷ್ಟ ಇಲ್ಲ.

'ಟ್ಯಾಬ್ಲೆಟ್ ಕೈಕೊಟ್ಟರೆ ಏನು ಗತಿ?' ಅಂತ ಜನ ಕೇಳುತ್ತಾರೆ. ಕೈಕೊಟ್ಟಿದ್ದೂ ಉಂಟು. 2015ರ ಏಪ್ರಿಲ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಚಾರ್ಟ್ ಆ್ಯಪ್ ಕೆಟ್ಟು ಹತ್ತಾರು ವಿಮಾನಗಳು ತಡವಾದವು. ಬಿಸಿಲಿನ ಕಾಟವೂ ಇದೆ. ಐಪ್ಯಾಡ್ ಬಳಸಲು ಆ್ಯಪಲ್ ಹೇಳುವ ಮಿತಿ 35 ಡಿಗ್ರಿ. ಮೇ ತಿಂಗಳ ಕಲಬುರಗಿಯಲ್ಲಿ ನೆರಳಲ್ಲೂ ಅದಕ್ಕಿಂತ ಜಾಸ್ತಿ ಇರುತ್ತದೆ! ಆದರೆ ಪರದೆ ಕಪ್ಪಾದರೆ ಅದು ಕೆಟ್ಟಿದೆ ಅಂತ ಇಬ್ಬರಿಗೂ ಗೊತ್ತಾಗುತ್ತದೆ. ಇನ್ನೊಂದು ಟ್ಯಾಬ್ಲೆಟ್ ಇರುತ್ತದೆ. ನನಗೆ ಅದರ ಚಿಂತೆ ಇಲ್ಲ.

ನನಗೆ ಭಯ ಇರುವುದು ಚೆನ್ನಾಗಿ ಕೆಲಸ ಮಾಡುತ್ತಿರುವ ಟ್ಯಾಬ್ಲೆಟ್ ಮೇಲೆ. ವಿಮಾನದ ತೂಕ, ರನ್‌ವೇ, ಗಾಳಿ, ಬಿಸಿಲು ಎಲ್ಲ ಹಾಕಿದರೆ ಎಂಜಿನ್‌ಗೆ ಎಷ್ಟು ಶಕ್ತಿ ಕೊಡಬೇಕು, ಯಾವ ವೇಗದಲ್ಲಿ ಮೂತಿ ಎತ್ತಬೇಕು ಅಂತ ಕ್ಷಣದಲ್ಲಿ ಹೇಳುತ್ತದೆ. ತಪ್ಪು ತೂಕ ಹಾಕಿದರೂ ಅಷ್ಟೇ ಬೇಗ, ಅಷ್ಟೇ ಅಚ್ಚುಕಟ್ಟಾಗಿ ಉತ್ತರ ಕೊಡುತ್ತದೆ.

2009ರ ಮಾರ್ಚ್ 20, ಮೆಲ್ಬರ್ನ್. ದುಬೈಗೆ ಹೊರಟಿದ್ದ ಎಮಿರೇಟ್ಸ್‌ನ ಏರ್‌ಬಸ್ ಎ340. ಆಗ ಇಎಫ್‌ಬಿ ಅಂದರೆ ಲ್ಯಾಪ್‌ಟಾಪು. 362.9 ಟನ್ ಅಂತ ಹಾಕಬೇಕಿದ್ದ ಕಡೆ 262.9 ಅಂತ ಬಿತ್ತು. ಮೂರರ ಬದಲು ಎರಡು, ಅಷ್ಟೇ. ನೂರು ಟನ್ ಹಗುರ ಅಂತ ನಂಬಿದ ಯಂತ್ರ ಅದಕ್ಕೆ ತಕ್ಕ ಕಡಿಮೆ ಶಕ್ತಿ, ಕಡಿಮೆ ವೇಗ ಹೇಳಿತು. ಮೂತಿ ಎತ್ತಿದರೆ ವಿಮಾನ ಏಳಲಿಲ್ಲ. ಬಾಲ ನೆಲಕ್ಕೆ ಉಜ್ಜಿತು. ಕ್ಯಾಪ್ಟನ್ ಪೂರ್ತಿ ಶಕ್ತಿ ಕೊಟ್ಟ ಮೇಲೆ, ರನ್‌ವೇ ಮುಗಿದ ನಂತರ, ಹೇಗೋ ಮೇಲೆದ್ದಿತು. ಇಂಧನ ಸುರಿದು ವಾಪಸ್ ಬಂದು ಇಳಿಯಿತು. ಒಳಗಿದ್ದ 275 ಜನ ಉಳಿದರು.

ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಹಾಗಾಗಲಿಲ್ಲ. 2004ರ ಅಕ್ಟೋಬರ್‌ನಲ್ಲಿ ಎಂಕೆ ಏರ್‌ಲೈನ್ಸ್‌ನ ಸರಕು ವಿಮಾನ, ಬೋಯಿಂಗ್ 747, ರನ್‌ವೇ ಆಚೆಯ ಮಣ್ಣಿನ ದಿಬ್ಬಕ್ಕೆ ಬಡಿದು ಏಳು ಜನ ಸಿಬ್ಬಂದಿಯೂ ಸತ್ತರು. ಹಿಂದಿನ ಟೇಕ್‌ಆಫ್‌ನ ತೂಕವೇ ಲ್ಯಾಪ್‌ಟಾಪ್‌ನಲ್ಲಿ ಉಳಿದು, ಅದರ ಮೇಲೆ ಲೆಕ್ಕ ಆಗಿರುವ ಸಾಧ್ಯತೆಯೇ ಹೆಚ್ಚು ಅಂತ ತನಿಖೆ ಹೇಳಿತು.

ನಾನು ಲೋಡ್ ಕಂಟ್ರೋಲ್‌ನಲ್ಲಿ ಲೋಡ್‌ಶೀಟ್, ಅಂದರೆ ವಿಮಾನದ ತೂಕದ ಲೆಕ್ಕದ ಹಾಳೆ, ಮಾಡುವ ಕೆಲಸದಲ್ಲಿದ್ದವನು. ಆಗ ಒಬ್ಬ ಹಿರಿಯ ಕ್ಯಾಪ್ಟನ್ ಬರುತ್ತಿದ್ದರು. ಎ320 ಹಾರಿಸುತ್ತಿದ್ದರು. ಲೋಡ್‌ಶೀಟ್ ಕೈಗೆ ಕೊಟ್ಟರೆ ಮೊದಲು ಅದನ್ನು ಮಡಚಿ ಹಿಡಿಯುವರು. 'ಏನ್ರೀ, ಇವತ್ತು ಎಪ್ಪತ್ತೊಂದು ಟನ್ ಹತ್ತಿರ ಇರಬೇಕು ಅಲ್ವಾ?' ಅನ್ನುವರು. 'ಹತ್ತಿರ ಹತ್ತಿರ ಅಷ್ಟೇ ಸರ್' ಅಂದ ಮೇಲೆಯೇ ಬಿಚ್ಚಿ ನೋಡುವರು. ಪಕ್ಕದ ಫಸ್ಟ್ ಆಫೀಸರ್‌ಗೂ ಅದೇ ಅಭ್ಯಾಸ ಮಾಡಿಸುತ್ತಿದ್ದರು. ಎಷ್ಟು ಜನ, ಎಷ್ಟು ಸಾಮಾನು, ಎಷ್ಟು ಇಂಧನ ಅಂತ ಮನಸ್ಸಲ್ಲೇ ಕೂಡಿಕೊಂಡವರ ಮುಂದೆ ನೂರು ಟನ್ನಿನ ತಪ್ಪು ಸುಮ್ನೆ ದಾಟಿ ಹೋಗಲ್ಲ. ದೊಡ್ಡದು, ಚಿಕ್ಕದು ಅಂತ ಬೇರೆ ಬೇರೆ ವಿಮಾನ ಹಾರಿಸುವವರಿಗೆ ಈ ಅಂದಾಜು ಕಷ್ಟ. ಒಂದು ದಿನ ಸರಿ ಅನಿಸಿದ ವೇಗ ಇನ್ನೊಂದು ದಿನ ತಪ್ಪು. ಮೆಲ್ಬರ್ನ್ ತನಿಖೆಯಲ್ಲೂ ಈ ಮಾತು ಬಂತು.

ಏರ್‌ಬಸ್‌ನ ಹೊಸ ವಿಮಾನಗಳಲ್ಲಿ, ಹಾಕಿದ ವೇಗ ತೂಕಕ್ಕೆ ಹೊಂದದಿದ್ದರೆ ಎಚ್ಚರಿಸುವ ಏರ್ಪಾಡು ಬಂದಿದೆ. ಒಳ್ಳೇದು. ಅದು ಎಲ್ಲ ವಿಮಾನಗಳಿಗೂ ಬರಲಿ. ಆದರೂ ಇಬ್ಬರೂ ಪೈಲಟ್‌ಗಳು ಲೋಡ್‌ಶೀಟ್ ನೋಡಿ, ತಮ್ಮ ತಮ್ಮ ಟ್ಯಾಬ್ಲೆಟ್‌ನಲ್ಲಿ ಬೇರೆ ಬೇರೆಯಾಗಿ ಲೆಕ್ಕ ಮಾಡಬೇಕು. ಆಮೇಲೆ ಹೋಲಿಸಬೇಕು. ಒಬ್ಬರು ಓದುವುದು, ಇನ್ನೊಬ್ಬರು ತಲೆ ಆಡಿಸುವುದು ಚೆಕ್ ಅಲ್ಲ.

ಇದಕ್ಕೆ ಸಮಯ ಬೇಕು. ಕೊನೇ ಗಳಿಗೆಯಲ್ಲಿ ನಾಲ್ಕು ಜನ ಬರಲಿಲ್ಲ, ಅವರ ಲಗೇಜ್ ಇಳಿಸಬೇಕು ಅಂದರೆ ತೂಕ ಬದಲಾಗುತ್ತದೆ, ಲೆಕ್ಕ ಮತ್ತೆ ನೋಡಬೇಕು. ಅಷ್ಟರಲ್ಲಿ ಬಾಗಿಲ ಹತ್ತಿರ ಗ್ರೌಂಡ್ ಸ್ಟಾಫ್ ವಾಚ್ ನೋಡುತ್ತಿರುತ್ತಾರೆ. ಹೊರಡುವುದು ತಡವಾದರೆ ಯಾವ ವಿಭಾಗದ ತಪ್ಪು ಅಂತ ಒಂದು ಡಿಲೇ ಕೋಡ್ ಬರೆಯಬೇಕಲ್ಲ, ಆ ಕೋಡ್ ತನ್ನ ತಲೆಗೆ ಬರದಿರಲಿ ಅಂತ ಎಲ್ಲರೂ ಓಡುತ್ತಾರೆ. ನಾನೂ ಓಡಿದ್ದೇನೆ.

ಏರ್‌ಲೈನ್‌ಗಳು ಟ್ಯಾಬ್ಲೆಟ್‌ಗೆ ಖರ್ಚು ಮಾಡಿದ್ದಾಯಿತು. ಇನ್ನು ಇದೊಂದನ್ನು ಮಾಡಲಿ: ಲೆಕ್ಕ ಮತ್ತೊಮ್ಮೆ ನೋಡಲು ಹಿಡಿದ ಐದು ನಿಮಿಷವನ್ನು ಪೈಲಟ್ ತಲೆಗೂ ಕಟ್ಟಬಾರದು, ಲೋಡ್ ಕಂಟ್ರೋಲ್‌ನವರ ತಲೆಗೂ ಕಟ್ಟಬಾರದು.